‘ಇದು ನಮ್ಮ ಕಥೆ ಅಲ್ಲ’ ಎಂದವರಿಗೆ: ಕ್ಯಾಲಿಫೋರ್ನಿಯಾದ ಕನ್ನಡಿಗ ಅಪ್ಪ-ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ನಮ್ಮ ಊರಿನ ಕನ್ನಡ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ಬೇರೆ ಊರುಗಳ ಗುಂಪುಗಳಿಗೂ ಅದು ಹೋಗಿದೆಯಂತೆ. ಹೈಸ್ಕೂಲಿನ ಎಥ್ನಿಕ್ ಸ್ಟಡೀಸ್ ಪಾಠವನ್ನು ಕೈಬಿಡುವ ವಿಷಯ ಶಾಲಾ ಮಂಡಳಿಯ ಮುಂದೆ ಬರಲಿದೆ, ನಾವೆಲ್ಲ ಸೇರಿ ಹೋಗಿ ‘ಈ ಪಾಠ ಬೇಡ’ ಎನ್ನೋಣ, ಆ ಸಮಯದಲ್ಲಿ ಮಕ್ಕಳು ಇನ್ನೊಂದು ಕೋಡಿಂಗ್ ಕ್ಲಾಸಿಗೆ ಸೇರಬಹುದು ಅಂತ ಅದರಲ್ಲಿತ್ತು. ಕೊನೆಯ ಸಾಲು ಇದು: ‘ಇದೆಲ್ಲ ಮೆಕ್ಸಿಕನ್ನರ ಕಥೆ, ನಮ್ಮ ಕಥೆ ಅಲ್ಲ.’ ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಅದರಲ್ಲಿ ಒಂದು ನನ್ನದೇ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಪೂರ್ತಿ ಓದದೆ ಒತ್ತಿಬಿಟ್ಟೆ.

ರಾತ್ರಿ ಮಗಳು ಅದನ್ನು ನನ್ನ ಫೋನಿನಲ್ಲಿ ನೋಡಿದಳು. ಅವಳು ಒಂಬತ್ತನೇ ಕ್ಲಾಸಿನಲ್ಲಿ ಈ ಪಾಠ ಓದಿದ್ದಾಳೆ. ‘ಅಮ್ಮಾ, ನೀನೂನಾ?’ ಅಂದಳು. ಅಷ್ಟೇ. ಜಗಳ ಮಾಡಿದ್ದರೆ ನಾನೂ ಎರಡು ಮಾತಾಡಿ ಮಲಗುತ್ತಿದ್ದೆ. ಅವಳು ಸುಮ್ನೆ ರೂಮಿಗೆ ಹೋದಳು. ನನಗೆ ನಿದ್ದೆ ಬರಲಿಲ್ಲ. ಅವಳ ಟಿಪ್ಪಣಿ ಪುಸ್ತಕ ತೆಗೆದು ಓದಿದೆ. ಆಮೇಲೆ ಲೈಬ್ರರಿಯಿಂದ ಒಂದಿಷ್ಟು ಪುಸ್ತಕ ತಂದೆ. ಒತ್ತಿದ ಹೆಬ್ಬೆರಳನ್ನು ವಾಪಸ್ ತೆಗೆದುಕೊಳ್ಳಲು ಈ ಪತ್ರ.

ಗೊತ್ತಿಲ್ಲದವರಿಗೆ ಎರಡು ಮಾತು. ಎಥ್ನಿಕ್ ಸ್ಟಡೀಸ್ ಎಂದರೆ ಇಲ್ಲಿನ ನಾಲ್ಕು ಜನಸಮುದಾಯಗಳ ಚರಿತ್ರೆ: ಕಪ್ಪು ಜನ, ಮೆಕ್ಸಿಕೋ ಮತ್ತು ಲ್ಯಾಟಿನ್ ಅಮೆರಿಕ ಮೂಲದವರು, ಈ ನೆಲದ ಮೂಲನಿವಾಸಿಗಳು, ಏಷ್ಯಾ ಮೂಲದವರು. ನಾಲ್ಕನೆಯದರಲ್ಲಿ ನಾವೂ ಇದ್ದೇವೆ. 2021ರ ಅಕ್ಟೋಬರಿನಲ್ಲಿ ಗವರ್ನರ್ ಒಂದು ಕಾನೂನಿಗೆ ಸಹಿ ಹಾಕಿದರು. 2030ರಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳಿಂದ ಶುರುವಾಗಿ ಎಲ್ಲರೂ ಒಂದು ಸೆಮಿಸ್ಟರ್ ಇದನ್ನು ಓದಲೇಬೇಕು ಎಂದು ಅದು ಹೇಳುತ್ತದೆ. ಆದರೆ ಒಂದು ಕೊಕ್ಕೆ ಇದೆ. ರಾಜ್ಯ ಇದಕ್ಕೆಂದು ದುಡ್ಡು ಕೊಟ್ಟರೆ ಮಾತ್ರ ಕಡ್ಡಾಯ. 2025ರ ಬಜೆಟ್‌ನಲ್ಲಿ ದುಡ್ಡು ಇಡಲಿಲ್ಲ. ಹಾಗಾಗಿ ಪಾಠ ಉಳಿಯುತ್ತದೋ ಹೋಗುತ್ತದೋ ಅನ್ನುವುದು ಈಗ ಒಂದೊಂದು ಊರಿನ ಶಾಲಾ ಮಂಡಳಿಯ ಕೈಲಿದೆ. ಅಂದರೆ ಅಲ್ಲಿ ಮೈಕ್ ಮುಂದೆ ಯಾರು ಹೋಗಿ ನಿಲ್ಲುತ್ತಾರೆ ಅನ್ನುವುದರ ಮೇಲಿದೆ.

ನಮ್ಮ ಕಥೆ ಅಲ್ಲ ಅಂದಿರಿ, ಅಲ್ವಾ? ಹಾಗಾದರೆ ಒಂದು ಹೊಲದ ಕಥೆ ಕೇಳಿ.

ಲಾಸ್ ಏಂಜಲೀಸ್‌ನ ದಕ್ಷಿಣಕ್ಕೆ ಆರೆಂಜ್ ಕೌಂಟಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿದೆ. ಅಲ್ಲಿ ಮುನೆಮಿತ್ಸು ಎಂಬ ಜಪಾನಿ ಮೂಲದ ಕುಟುಂಬ ಬೇಸಾಯ ಮಾಡಿಕೊಂಡಿತ್ತು. 1942ರಲ್ಲಿ, ಯುದ್ಧದ ಹೆಸರಲ್ಲಿ, ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆ ಬಿಡಿಸಿ ತಂತಿಬೇಲಿಯ ಕ್ಯಾಂಪುಗಳಿಗೆ ತುಂಬಿತು. ಮುನೆಮಿತ್ಸು ಮನೆಯವರು ಹೋದದ್ದು ಅರಿಜೋನಾ ಮರಳುಗಾಡಿನ ಪೋಸ್ಟನ್ ಕ್ಯಾಂಪಿಗೆ. ಹೊಲ ಗುತ್ತಿಗೆಗೆ ಹೋಯಿತು. ಗುತ್ತಿಗೆ ಹಿಡಿದವರು ಗೊನ್ಸಾಲೊ ಮತ್ತು ಫೆಲಿಸಿತಾಸ್ ಮೆಂಡೆಸ್ ದಂಪತಿ. ಗಂಡ ಮೆಕ್ಸಿಕೋದಲ್ಲಿ ಹುಟ್ಟಿದವರು, ಹೆಂಡತಿ ಪೋರ್ಟೊರಿಕೊದವರು.

ಮೆಂಡೆಸ್ ಮಕ್ಕಳನ್ನು ಅವರ ಸೋದರತ್ತೆ ತನ್ನ ಮಕ್ಕಳ ಜೊತೆಗೇ ಊರಿನ ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಅತ್ತೆಯ ಮಕ್ಕಳು ಬೆಳ್ಳಗಿದ್ದರು, ಅವರ ಮನೆತನದ ಹೆಸರೂ ಮೆಕ್ಸಿಕನ್ ಹೆಸರಿನ ಹಾಗೆ ಕೇಳಿಸುತ್ತಿರಲಿಲ್ಲ. ಅವರಿಗೆ ಸೀಟು ಸಿಕ್ಕಿತು. ಮೆಂಡೆಸ್ ಮಕ್ಕಳದು ಸ್ವಲ್ಪ ಕಪ್ಪು ಬಣ್ಣ. ಅವರಿಗೆ ‘ಮೆಕ್ಸಿಕನ್ ಶಾಲೆ’ಯ ದಾರಿ ತೋರಿಸಿದರು. ಅತ್ತೆ ಯಾರನ್ನೂ ಸೇರಿಸದೆ ಎಲ್ಲರನ್ನೂ ವಾಪಸ್ ಕರೆತಂದರು. ಆ ಅತ್ತೆ ನನಗೆ ಬಹಳ ಇಷ್ಟ.

ಹೊಲ ಕೈಹಿಡಿದಿತ್ತು. ಆ ಆದಾಯದಲ್ಲಿ ಮೆಂಡೆಸ್ ವಕೀಲರನ್ನು ಇಟ್ಟರು. ಇನ್ನೂ ನಾಲ್ಕು ಕುಟುಂಬ ಸೇರಿಕೊಂಡವು. 1945ರಲ್ಲಿ ಕೇಸು ಹಾಕಿದರು, 1946ರಲ್ಲಿ ಗೆದ್ದರು, 1947ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು. ಆಗ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಚೀನಿ, ಜಪಾನಿ, ‘ಮಂಗೋಲಿಯನ್’ ಮತ್ತು ಇಂಡಿಯನ್ ಮಕ್ಕಳಿಗೆ ಬೇರೆ ಶಾಲೆ ಮಾಡಬಹುದು ಎಂಬ ಸಾಲುಗಳಿದ್ದವು. (ಇಲ್ಲಿ ಇಂಡಿಯನ್ ಅಂದರೆ ನಾವಲ್ಲ, ಈ ನೆಲದ ಮೂಲ ಜನ. ಕೊಲಂಬಸ್ ಮಾಡಿದ ತಪ್ಪಿಗೆ ಎರಡೂ ಕಡೆಯವರು ಇನ್ನೂ ವಿವರಣೆ ಕೊಡುತ್ತಲೇ ಇದ್ದೇವೆ.) ಅದೇ 1947ರಲ್ಲಿ ಗವರ್ನರ್ ಅರ್ಲ್ ವಾರೆನ್ ಆ ಸಾಲುಗಳನ್ನು ತೆಗೆದುಹಾಕುವ ಮಸೂದೆಗೆ ಸಹಿ ಹಾಕಿದರು. ಏಳು ವರ್ಷದ ನಂತರ ಇಡೀ ದೇಶದ ಶಾಲೆಗಳಲ್ಲಿ ಬಣ್ಣದ ಮೇಲಿನ ವಿಂಗಡಣೆ ತಪ್ಪು ಎಂದು ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿಯೂ ಇದೇ ವಾರೆನ್.

ಏಷ್ಯಾದ ಮಕ್ಕಳು ಇಲ್ಲಿ ಎಲ್ಲರ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಾರಲ್ಲ, ಅದರ ಹಿಂದೆ ಒಬ್ಬ ಮೆಕ್ಸಿಕನ್ ರೈತನ ದುಡ್ಡಿದೆ. ಆ ದುಡ್ಡು ಬಂದದ್ದು ಕ್ಯಾಂಪಿನಲ್ಲಿದ್ದ ಜಪಾನಿಯವರ ಹೊಲದಿಂದ. ಆ ಕ್ಯಾಂಪು ನಿಂತಿದ್ದದ್ದು ಕೊಲರಾಡೊ ನದಿಯ ಬುಡಕಟ್ಟುಗಳ ಮೀಸಲು ಜಮೀನಿನ ಮೇಲೆ. ಅಲ್ಲಿನ ಬುಡಕಟ್ಟು ಸಮಿತಿ ‘ನಮ್ಮ ನೆಲದಲ್ಲಿ ಈ ಕೆಲಸ ಬೇಡ’ ಅಂದಿತ್ತು. ಯಾರೂ ಕೇಳಲಿಲ್ಲ. ಇದರಲ್ಲಿ ಯಾರದು ಯಾರ ಕಥೆ ಅಂತ ನೀವೇ ಬಿಡಿಸಿ ನೋಡಿ.

ಇನ್ನೊಂದು ಹೇಳಿಬಿಡುತ್ತೇನೆ. ನಾವು ಈ ದೇಶಕ್ಕೆ ಬರಲು ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕಪ್ಪು ಜನರ ಹೋರಾಟದ ಬಿಸಿಯಲ್ಲಿ ಬಂದ ಕಾನೂನು ಅದು ಅನ್ನುವುದು ಹಲವರಿಗೆ ಗೊತ್ತು. ಅದೇ ಕಾನೂನು ಮೆಕ್ಸಿಕೋ ಸೇರಿದಂತೆ ಈ ಖಂಡದ ದೇಶಗಳಿಂದ ಬರುವವರಿಗೆ ಮೊದಲ ಸಲ ವರ್ಷಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು. 1,20,000. ತಲೆಮಾರುಗಳಿಂದ ಸುಗ್ಗಿಗೆ ಬಂದು ಹೋಗುತ್ತಿದ್ದವರು ಎಷ್ಟೋ ಜನ ಆಮೇಲೆ ‘ಕಾಗದ ಇಲ್ಲದವರು’ ಆದರು. ನಮಗೆ ಬಾಗಿಲು ತೆಗೆದ ಕೈಯೇ ಅವರಿಗೆ ಅರ್ಧ ಬಾಗಿಲು ಹಾಕಿತು. ನಾವು ಗ್ರೀನ್ ಕಾರ್ಡ್ ಕ್ಯೂ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಇದನ್ನು ಯಾರೂ ಹೇಳುವುದಿಲ್ಲ. ನನಗೂ 22 ವರ್ಷ ಗೊತ್ತಿರಲಿಲ್ಲ.

ಈಗ ಶಾಲೆಗೆ ಬರುತ್ತೇನೆ. 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲುಗಳಿಂದ ಸಾವಿರಾರು ಮಕ್ಕಳು ಕ್ಲಾಸು ಬಿಟ್ಟು ಬೀದಿಗೆ ಬಂದರು. ಗಾರ್ಫೀಲ್ಡ್, ರೂಸ್‌ವೆಲ್ಟ್, ಲಿಂಕನ್, ವಿಲ್ಸನ್, ಬೆಲ್ಮಾಂಟ್. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಶಿಕ್ಷೆ ಇತ್ತು. ಊಟದ ಹೊತ್ತಿಗೆ ಶೌಚಾಲಯಗಳಿಗೆ ಬೀಗ ಹಾಕುತ್ತಿದ್ದರು. ಕಾಲೇಜಿಗೆ ಹೋಗುತ್ತೇನೆ ಅಂದ ಹುಡುಗನನ್ನು ಗ್ಯಾರೇಜ್ ಕೆಲಸಕ್ಕೆ, ಹುಡುಗಿಯನ್ನು ಟೈಪಿಂಗಿಗೆ ಕಳಿಸುತ್ತಿದ್ದರು. ಗಾರ್ಫೀಲ್ಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಓದು ಮುಗಿಸುತ್ತಲೇ ಇರಲಿಲ್ಲ. ಮಕ್ಕಳು ಕೇಳಿದ್ದು ಏನು? ನಮ್ಮ ಚರಿತ್ರೆ ಪಾಠದಲ್ಲಿ ಇರಲಿ, ನಮ್ಮಂಥ ಮೇಷ್ಟ್ರುಗಳು ಇರಲಿ, ನಮ್ಮ ಭಾಷೆಗೆ ಹೊಡೆಯಬೇಡಿ. ಜೊತೆಗೆ ನಿಂತ ಲಿಂಕನ್ ಶಾಲೆಯ ಮೇಷ್ಟ್ರು ಸಾಲ್ ಕ್ಯಾಸ್ಟ್ರೊ ಸೇರಿ 13 ಮಂದಿಯ ಮೇಲೆ ಪಿತೂರಿಯ ಕೇಸು ಬಿತ್ತು. ಕ್ಯಾಸ್ಟ್ರೊ ಕೆಲಸವೂ ಹೋಯಿತು. ಅಪ್ಪ-ಅಮ್ಮಂದಿರು ಮತ್ತು ಮಕ್ಕಳು ಶಾಲಾ ಮಂಡಳಿಯ ಆಫೀಸಿನಲ್ಲೇ ಹಗಲುರಾತ್ರಿ ಕೂತು ಅವರನ್ನು ವಾಪಸ್ ತಂದರು. ಕೇಸು ಆಮೇಲೆ ಕೋರ್ಟಿನಲ್ಲಿ ನಿಲ್ಲಲಿಲ್ಲ.

ಇದನ್ನು ಓದುವಾಗ ನನ್ನ ಕೈ ತಾನಾಗಿ ನನ್ನ ಬಲಗೈ ಬೆರಳ ಗಂಟಿನ ಮೇಲೆ ಹೋಯಿತು. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ. ದುಡ್ಡಿಲ್ಲ ಅಂದರೆ ಸ್ಕೇಲಿನ ಏಟು. ಅದೂ ಕರ್ನಾಟಕದ ಒಳಗೆ, ಶಿವಮೊಗ್ಗ ಜಿಲ್ಲೆಯಲ್ಲಿ! ನಿಮ್ಮಲ್ಲಿ ಎಷ್ಟು ಜನ ಆ ಏಟು ತಿಂದಿಲ್ಲ, ಹೇಳಿ? ಈಗ ಭಾನುವಾರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋಗುತ್ತೇವೆ. ಭಾಷೆ ಹೋದರೆ ಏನು ಹೋಗುತ್ತದೆ ಎಂದು ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಬೀದಿಗೆ ಬಂದ ಆ ಮೆಕ್ಸಿಕನ್ ಮೂಲದ ಮಕ್ಕಳು ತಮ್ಮನ್ನು ಚಿಕಾನೊ ಎಂದು ಕರೆದುಕೊಂಡರು. ಅದು ಮೊದಲು ಬೈಗುಳದಂಥ ಮಾತು. ಬಡ ಮೆಕ್ಸಿಕನ್ ಕೂಲಿಯವನಿಗೆ ಅನ್ನುವ ಮಾತು. ಅವರು ಅದನ್ನೇ ಎತ್ತಿ ತಲೆಗೆ ಇಟ್ಟುಕೊಂಡರು. ‘ಹರಿಜನ’ ಬೇಡ, ‘ದಲಿತ’ ಎನ್ನಿ ಎಂದು ನಮ್ಮಲ್ಲಿ ಕೇಳಿದವರಿಗೆ ಈ ಹಟ ಅರ್ಥವಾಗುತ್ತದೆ. ಬೇರೆಯವರು ಇಟ್ಟ ಹೆಸರಿಗೂ ತಾನೇ ಆರಿಸಿಕೊಂಡ ಹೆಸರಿಗೂ ವ್ಯತ್ಯಾಸ ಇದೆ. ಈಗಿನ ಹುಡುಗರು ಚಿಕಾನೆಕ್ಸ್ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಕೊನೆಗೆ ‘ಒ’ ಬಂದರೆ ಗಂಡು, ‘ಆ’ ಬಂದರೆ ಹೆಣ್ಣು. ಎರಡರಲ್ಲೂ ಸೇರದವರಿಗೆ ಎಕ್ಸ್. ಆ ಅಕ್ಷರಕ್ಕೆ ಇನ್ನೊಂದು ಬೇರೂ ಇದೆ. ಮೆಕ್ಸಿಕೋದ ಹಳೆಯ ನಾವಾಟ್ಲ್ ಭಾಷೆಯನ್ನು ಬರೆಯುವಾಗ ‘ಶ’ ಸದ್ದಿಗೆ ಎಕ್ಸ್ ಬಳಸುತ್ತಾರೆ. ಮೆಕ್ಸಿಕೋ ಅನ್ನುವ ಹೆಸರಿನ ಒಳಗೇ ಅದು ಕೂತಿದೆ. ಈ ಹೊಸ ಹೆಸರು ಕೇಳಿದರೆ ಮುಖ ಸಿಂಡರಿಸುವ ಹಿರಿಯ ಚಿಕಾನೊಗಳೂ ಇದ್ದಾರೆ. ಅದು ಅವರ ಮನೆ ಜಗಳ. ನಾವು ಮಧ್ಯೆ ಬಾಯಿ ಹಾಕುವುದು ಬೇಡ.

ನನ್ನನ್ನು ಜಾಸ್ತಿ ಹಿಡಿದು ಕೂರಿಸಿದ್ದು ಇನ್ನೊಬ್ಬರ ಕಥೆ. ಹೆಸರು ಅಮೆರಿಕೊ ಪಾರೆದೆಸ್. ಟೆಕ್ಸಸ್‌ನ ಗಡಿ ಊರು ಬ್ರೌನ್ಸ್‌ವಿಲ್‌ನಲ್ಲಿ 1915ರಲ್ಲಿ ಹುಟ್ಟಿದವರು. ಆಗ ಟೆಕ್ಸಸ್ ವಿಶ್ವವಿದ್ಯಾಲಯದ ದೊಡ್ಡ ಇತಿಹಾಸಕಾರರು ಗಡಿಯ ಪೊಲೀಸ್ ಪಡೆಯಾದ ಟೆಕ್ಸಸ್ ರೇಂಜರ್‌ಗಳನ್ನು ವೀರರೆಂದು ಬರೆಯುತ್ತಿದ್ದರು. ಮೆಕ್ಸಿಕನ್ನರ ರಕ್ತದಲ್ಲೇ ಕ್ರೌರ್ಯ ಇದೆ ಎಂಬ ಅರ್ಥದ ಮಾತುಗಳು ಆ ಪುಸ್ತಕಗಳಲ್ಲಿದ್ದವು. ಅದೇ ವಿಶ್ವವಿದ್ಯಾಲಯದಲ್ಲಿ ಕೂತು ಪಾರೆದೆಸ್ ಒಂದು ಹಾಡಿನ ಮೇಲೆ ಸಂಶೋಧನೆ ಮಾಡಿದರು. ಗ್ರೆಗೊರಿಯೊ ಕೊರ್ತೆಸ್ ಎಂಬ ರೈತನ ಮೇಲಿನ ಹಾಡು ಅದು. ಅಂಥ ಹಾಡಿಗೆ ಅಲ್ಲಿ ಕೊರಿಡೊ ಅನ್ನುತ್ತಾರೆ. ನಮ್ಮ ಲಾವಣಿ ಇದ್ದಂತೆ.

1901ರಲ್ಲಿ ಕುದುರೆ ಕಳ್ಳನನ್ನು ಹುಡುಕುತ್ತಾ ಒಬ್ಬ ಶೆರಿಫ್ ಕೊರ್ತೆಸ್ ಮನೆಗೆ ಬಂದ. ‘ಕುದುರೆ ವ್ಯಾಪಾರ ಮಾಡಿದೆಯಾ?’ ಎಂದು ಕೇಳಿಸಿದ. ಜೊತೆಗಿದ್ದ ದುಭಾಷಿಗೆ ಸ್ಪ್ಯಾನಿಷ್ ಅರೆಬರೆ. ಅವನು ಕೇಳಿದ್ದು ಗಂಡು ಕುದುರೆಯ ಪದ. ಕೊರ್ತೆಸ್ ಕೊಂಡಿದ್ದು ಹೆಣ್ಣು ಕುದುರೆ, ಅದಕ್ಕೆ ಬೇರೆ ಪದ. ‘ಇಲ್ಲ’ ಅಂದ. ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡ ಶೆರಿಫ್ ಬಂಧಿಸಲು ಹೋದ. ಗುಂಡು ಹಾರಿತು. ಕೊರ್ತೆಸ್‌ನ ಅಣ್ಣ ಬಿದ್ದ, ಶೆರಿಫ್ ಸತ್ತ. ಆಮೇಲೆ ನೂರಾರು ಜನ ಕೊರ್ತೆಸ್‌ನನ್ನು ಬೆನ್ನಟ್ಟಿದರು. ಪತ್ರಿಕೆಗಳು ಅವನನ್ನು ರಾಕ್ಷಸ ಮಾಡಿದವು. ಹಾಡುಗಳು ವೀರ ಮಾಡಿದವು. 1913ರಲ್ಲಿ ಗವರ್ನರ್ ಕ್ಷಮೆ ಕೊಟ್ಟು ಬಿಟ್ಟರು. ಪಾರೆದೆಸ್ ಮಾಡಿದ್ದು ಇಷ್ಟೇ: ಹಾಡನ್ನೂ ಕೋರ್ಟಿನ ಕಾಗದವನ್ನೂ ಪಕ್ಕಪಕ್ಕ ಇಟ್ಟು ಓದಿದರು, ಹಾಡನ್ನೂ ಸಾಕ್ಷಿಯಾಗಿ ಎಣಿಸಿದರು. ಹಲಗಲಿ ಬೇಡರನ್ನು ಬ್ರಿಟಿಷರ ಕಾಗದಗಳಲ್ಲಿ ಹುಡುಕಿದರೆ ದಂಗೆಕೋರರು, ಲಾವಣಿಯಲ್ಲಿ ಹುಡುಕಿದರೆ ಬೇರೆಯೇ ಜನ. ಇದನ್ನು ಕನ್ನಡದವರಿಗೆ ಯಾಕೆ ಬಿಡಿಸಿ ಹೇಳಬೇಕು?

ಪಾರೆದೆಸ್ ಆಮೇಲೆ ಬರೆದ ಇನ್ನೊಂದು ವಿಷಯ ಓದಿ ನಾನು ಜೋರಾಗಿ ನಕ್ಕೆ. ಟೆಕ್ಸಸ್‌ನ ಮೆಕ್ಸಿಕನ್ ಹಳ್ಳಿಗಳಿಗೆ ಬಂದ ಮಾನವಶಾಸ್ತ್ರಜ್ಞರು ಜನ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿ ಪುಸ್ತಕ ಮಾಡಿದ್ದರು. ಅದರಲ್ಲಿ ಎಷ್ಟೋ ಮಾತುಗಳು ಬರೀ ತಮಾಷೆ. ಹಳ್ಳಿಯವರು ಆ ಸೂಟು ಹಾಕಿದವನನ್ನು ಆಡಿಸುತ್ತಿದ್ದರು! ಭಾಷೆಯ ಒಳಗಿನ ಕುಚೋದ್ಯ ಗೊತ್ತಿಲ್ಲದವನು ಅದನ್ನು ‘ಈ ಜನರ ನಂಬಿಕೆ’ ಎಂದು ಅಚ್ಚು ಹಾಕಿಸಿದ. ಆ ಪುಸ್ತಕ ಓದಿದ ಮೇಷ್ಟ್ರುಗಳು, ಡಾಕ್ಟರುಗಳು ಅದನ್ನು ನಂಬಿ ಆ ಜನರ ಜೊತೆ ವ್ಯವಹರಿಸಿದರು. ಇಲ್ಲಿಗೆ ನಗು ನಿಂತಿತು. ವಿಶ್ವವಿದ್ಯಾಲಯದಲ್ಲಿ ಯಾರಿರಬೇಕು ಅನ್ನುವ ಪ್ರಶ್ನೆ ಬರೀ ನೌಕರಿಯ ಪ್ರಶ್ನೆ ಅಲ್ಲ ಎಂದು ನನಗೆ ಹೊಳೆದದ್ದು ಆಗ. ತಮಾಷೆ ಅರ್ಥವಾಗುವ ಒಬ್ಬರು ಆ ಕೋಣೆಯಲ್ಲಿ ಇಲ್ಲದಿದ್ದರೆ ಶಾಸ್ತ್ರವೇ ತಪ್ಪಾಗುತ್ತದೆ.

ಆ ಒಬ್ಬರು ಕೋಣೆಗೆ ಬರಲು ಎಷ್ಟು ಕಷ್ಟ ಇತ್ತು ಅಂದರೆ, ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ 1968ರ ನವೆಂಬರಿನಿಂದ 1969ರ ಮಾರ್ಚ್‌ವರೆಗೆ ಮುಷ್ಕರ ನಡೆಯಿತು. ಕಪ್ಪು, ಲ್ಯಾಟಿನೊ, ಮೂಲನಿವಾಸಿ, ಏಷ್ಯನ್ ವಿದ್ಯಾರ್ಥಿಗಳು ಒಟ್ಟಿಗೆ ನಿಂತಿದ್ದರು. ಎಥ್ನಿಕ್ ಸ್ಟಡೀಸ್ ಕಾಲೇಜು ಹುಟ್ಟಿದ್ದು ಅದರಿಂದ. ಮುಂದಿನ ತಿಂಗಳೇ ಸಾಂಟಾ ಬಾರ್ಬರಾದಲ್ಲಿ ಚಿಕಾನೊ ವಿದ್ಯಾರ್ಥಿಗಳು, ಮೇಷ್ಟ್ರುಗಳು ಸೇರಿ ಕಾಲೇಜುಗಳಲ್ಲಿ ತಮ್ಮ ಅಧ್ಯಯನ ಹೇಗಿರಬೇಕು ಎಂದು ಯೋಜನೆ ಬರೆದರು. ಆದರೂ 1993ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಚಿಕಾನೊ ಅಧ್ಯಯನಕ್ಕೆ ವಿಭಾಗ ಕೊಡುವುದಿಲ್ಲ ಅಂದರು. ಹೊಲದ ಕೂಲಿಗಳ ನಾಯಕ ಸೀಸರ್ ಚಾವೆಸ್ ತೀರಿಕೊಂಡು ಇನ್ನೂ ವಾರ ಕಳೆದಿರಲಿಲ್ಲ. ವಿದ್ಯಾರ್ಥಿಗಳು, ಒಬ್ಬ ಪ್ರಾಧ್ಯಾಪಕರು 14 ದಿನ ಉಪವಾಸ ಕೂತರು. ಚಾವೆಸ್ ಹೆಸರಿನ ಕೇಂದ್ರ ಸಿಕ್ಕಿತು. ಪೂರ್ತಿ ವಿಭಾಗ ಅನ್ನಿಸಿಕೊಂಡದ್ದು 2005ರಲ್ಲಿ. ಒಂದು ಪಾಠಕ್ಕೆ ಇಷ್ಟು!

ಚಿಕಾನೊಗಳಾದರೂ ‘ಇದ್ದೇವೆ’ ಎಂದು ಕೂಗಬಹುದಿತ್ತು. ‘ನೀವು ಇಲ್ಲವೇ ಇಲ್ಲ’ ಎಂದು ಪುಸ್ತಕದಲ್ಲೇ ಬರೆಸಿಕೊಂಡವರ ಕಥೆ ನಮ್ಮ ಮನೆಯ ಕೆಳಗೇ ಇದೆ. ನೀವೆಲ್ಲ ಎಮರಿವಿಲ್‌ನ ಐಕಿಯಾಕ್ಕೆ ಹೋಗಿದ್ದೀರಿ. ಆ ರಸ್ತೆಯ ಹೆಸರು ಗಮನಿಸಿದ್ದೀರಾ? ಶೆಲ್‌ಮೌಂಡ್ ಸ್ಟ್ರೀಟ್. ಶೆಲ್‌ಮೌಂಡ್ ಎಂದರೆ ಚಿಪ್ಪಿನ ದಿಬ್ಬ. ಇಲ್ಲಿನ ಮೂಲನಿವಾಸಿಗಳಾದ ಒಹ್ಲೋನಿ ಜನ ಸಾವಿರಾರು ವರ್ಷ ತಮ್ಮ ಸತ್ತವರನ್ನು ಹೂಳಿದ ಜಾಗ. ಇವತ್ತು ಅದರ ಮೇಲೆ ಮಾಲ್ ಇದೆ. ಫ್ರೀಮಾಂಟ್‌ನಲ್ಲಿ ಮಿಷನ್ ಸ್ಯಾನ್ ಹೋಸೆ ಅಂದರೆ ನಮ್ಮವರಿಗೆ ಒಳ್ಳೆ ಶಾಲೆ, ಕೈಗೆ ಎಟುಕದ ಮನೆ ಬೆಲೆ. ಆ ಮಿಷನ್, ಅಂದರೆ ಸ್ಪೇನಿನ ಪಾದ್ರಿಗಳ ಮಠ, 1797ರಲ್ಲಿ ಶುರುವಾದದ್ದು. ಅದನ್ನು ಕಟ್ಟಿದ ಕೈಗಳು ಒಹ್ಲೋನಿಯವರದು. ಹತ್ತಿರದಲ್ಲೇ ಅವರ ಸ್ಮಶಾನ ಇದೆ.

ಬರ್ಕ್ಲಿ ವಿಶ್ವವಿದ್ಯಾಲಯದ ಹೆಸರಾಂತ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ 1925ರಲ್ಲಿ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮೇಲೆ ದೊಡ್ಡ ಗ್ರಂಥ ತಂದರು. ಅದರಲ್ಲಿ ಒಹ್ಲೋನಿ ಜನ ಹೆಚ್ಚುಕಮ್ಮಿ ಅಳಿದೇಹೋದರು ಎಂದು ಬರೆದರು. ಆ ಹೊತ್ತಿಗೆ ಪ್ಲೆಸಂಟನ್, ಸುನೋಲ್, ನೈಲ್ಸ್ ಸುತ್ತ ಆ ಜನ ಸಂಸಾರ ಮಾಡಿಕೊಂಡಿದ್ದರು. ಇವತ್ತೂ ಇದ್ದಾರೆ. ಮುವೆಕ್ಮಾ ಒಹ್ಲೋನಿ ಪಂಗಡದವರು ಕೇಂದ್ರ ಸರ್ಕಾರದ ಮಾನ್ಯತೆಗಾಗಿ ದಶಕಗಳಿಂದ ಓಡಾಡುತ್ತಿದ್ದಾರೆ. ಪುಸ್ತಕದ ಒಂದು ವಾಕ್ಯ ಬದುಕಿದ್ದವರ ಹಕ್ಕುಪತ್ರದ ಮೇಲೆ ಮಸಿ ಚೆಲ್ಲಿತು. ಇತ್ತ ಅದೇ ವಿಶ್ವವಿದ್ಯಾಲಯ ಅವರ ಪೂರ್ವಿಕರ ಅಸ್ಥಿಗಳನ್ನು ಪೆಟ್ಟಿಗೆಗಳಲ್ಲಿ ಇಟ್ಟುಕೊಂಡಿತ್ತು. ವಾಪಸ್ ಕೊಡಿ ಎಂಬ ಕಾನೂನು 1990ರಲ್ಲೇ ಬಂತು. 30 ವರ್ಷವಾದ ಮೇಲೂ ಸಾವಿರಾರು ಜನರ ಅಸ್ಥಿ ಅಲ್ಲೇ ಇದ್ದವು. 2021ರಲ್ಲಿ ಕಟ್ಟಡದ ಮೇಲಿನ ಕ್ರೋಬರ್ ಹೆಸರನ್ನು ತೆಗೆದರು. ಹೆಸರು ತೆಗೆಯಲು ಒಂದು ಏಣಿ ಸಾಕು. ಅಸ್ಥಿ ಕೊಡುವುದಕ್ಕೆ ಮನಸ್ಸು ಬೇಕು. ನಮ್ಮ ಅಪ್ಪನ ಅಸ್ಥಿಯನ್ನು ಶ್ರೀರಂಗಪಟ್ಟಣದಲ್ಲಿ ಬಿಡಲು ಹತ್ತು ದಿನ ತಡವಾದದ್ದಕ್ಕೆ ಅಮ್ಮ ಊಟ ಬಿಟ್ಟಿದ್ದರು. ನೂರು ವರ್ಷ ಕಾಯುವವರ ಮನೆ ಹೇಗಿರಬಹುದು?

ಇನ್ನು ‘ಪಾಠ ಕೈಬಿಟ್ಟರೆ ಏನಾಗುತ್ತದೆ’ ಅನ್ನುವವರಿಗೆ. ಅರಿಜೋನಾದ ಟೂಸಾನ್‌ನಲ್ಲಿ ಹಾಗೆ ಆಗಿದೆ. ಅಲ್ಲಿನ ಹೈಸ್ಕೂಲುಗಳಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನ ಚೆನ್ನಾಗಿ ನಡೆಯುತ್ತಿತ್ತು. 2010ರಲ್ಲಿ ರಾಜ್ಯ ಅದನ್ನು ಗುರಿ ಮಾಡಿ ಕಾನೂನು ತಂದಿತು. 2011ರಲ್ಲಿ ರಾಜ್ಯವೇ ನೇಮಿಸಿದ ತಪಾಸಣೆ ತಂಡ ಪಾಠದಲ್ಲಿ ತಪ್ಪಿಲ್ಲ ಅಂದಿತು. ಮಕ್ಕಳು ಶಾಲಾ ಮಂಡಳಿಯ ಕುರ್ಚಿಗಳಿಗೆ ತಮ್ಮನ್ನೇ ಸರಪಳಿಯಿಂದ ಕಟ್ಟಿಕೊಂಡರು. ಆದರೂ ರಾಜ್ಯದ ದುಡ್ಡು ನಿಂತೀತು ಎಂಬ ಹೆದರಿಕೆಗೆ 2012ರ ಜನವರಿಯಲ್ಲಿ ಬಾಗಿಲು ಹಾಕಿದರು. ಪುಸ್ತಕಗಳನ್ನು ಕ್ಲಾಸಿನಿಂದ ಎತ್ತಿ ಪೆಟ್ಟಿಗೆಗೆ ತುಂಬಿದರು. ಆಗಿನ ರಾಜ್ಯ ಶಿಕ್ಷಣ ಮುಖ್ಯಸ್ಥ ಜಾನ್ ಹಪ್ಪೆನ್‌ಥಾಲ್ ಇಂಟರ್‌ನೆಟ್‌ನಲ್ಲಿ ಸುಳ್ಳು ಹೆಸರಿಟ್ಟುಕೊಂಡು ಸ್ಪ್ಯಾನಿಷ್ ರೇಡಿಯೋ ಬೇಡ, ಸ್ಪ್ಯಾನಿಷ್ ಬೋರ್ಡು ಬೇಡ ಎಂದೆಲ್ಲ ಬರೆದದ್ದು ಆಮೇಲೆ ಬಯಲಾಯಿತು. 2017ರ ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು: ಪಾಠ ನಿಲ್ಲಿಸಿದ್ದು ಜನಾಂಗದ್ವೇಷದಿಂದ, ಸಂವಿಧಾನಕ್ಕೆ ವಿರುದ್ಧ.

ಆ ನ್ಯಾಯಾಧೀಶರು ವ್ಯಾಲೇಸ್ ತಶಿಮಾ. ಜಪಾನಿ ಮೂಲದವರು. ಯುದ್ಧದ ಕಾಲದಲ್ಲಿ ಪುಟ್ಟ ಹುಡುಗನಾಗಿದ್ದಾಗ ಅವರನ್ನು ಮನೆಯವರ ಜೊತೆ ಕ್ಯಾಂಪಿಗೆ ಹಾಕಿದ್ದರು. ಯಾವ ಕ್ಯಾಂಪು ಗೊತ್ತೇ? ಪೋಸ್ಟನ್.

ಇಷ್ಟು ಓದಿದ ಮೇಲೆ ‘ಆಯ್ತಮ್ಮಾ, ಆದರೂ’ ಅನ್ನುವವರು ಇರುತ್ತೀರಿ. ನಿಮ್ಮ ಕೆಲವು ಮಾತಿನಲ್ಲಿ ಹುರುಳಿದೆ. ರಾಜ್ಯದ ಮೊದಲ ಪಠ್ಯದ ಕರಡು 2019ರಲ್ಲಿ ಬಂದಾಗ ಯಹೂದಿ ಸಂಘಟನೆಗಳೂ ಸೇರಿ ಹಲವರು ತಕರಾರು ಮಾಡಿದರು. ತಿದ್ದಬೇಕಾಯಿತು. ಕಡ್ಡಾಯ ಮಾಡುವ ಮಸೂದೆಯನ್ನು 2020ರಲ್ಲಿ ಗವರ್ನರೇ ತಡೆದಿದ್ದರು. ಕೆಲವು ಮೇಷ್ಟ್ರುಗಳು ಪಾಠ ಮಾಡುವ ಬದಲು ಭಾಷಣ ಮಾಡುತ್ತಾರೆ, ನಿಜ. ಹಾಗೆ ನೋಡಿದರೆ ನಮಗೆ ಗಣಿತವನ್ನೂ ಕೆಟ್ಟದಾಗಿ ಹೇಳಿಕೊಟ್ಟವರಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಗಳಲ್ಲಿ ಓದಿನಲ್ಲಿ ಹಿಂದಿದ್ದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಈ ಪಾಠ ಕೊಟ್ಟಾಗ ಹಾಜರಿ ಮತ್ತು ಅಂಕ ಎರಡೂ ಏರಿದವು ಎಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ತೋರಿಸಿದ್ದಾರೆ. ಆ ಲೆಕ್ಕದ ಮೇಲೆ ಪ್ರಶ್ನೆ ಎತ್ತಿದವರೂ ಇದ್ದಾರೆ. ಹಾಗಾಗಿ ನಾನು ಅಂಕದ ಆಸೆ ತೋರಿಸಿ ನಿಮ್ಮನ್ನು ಕರೆಯುವುದಿಲ್ಲ.

ನನ್ನ ಗುಮಾನಿ ಬೇರೆ. ನಮಗೆ ಈ ಪಾಠ ಬೇಡವಾಗಿರುವುದು ಅದು ಅವರ ಕಥೆ ಎಂದಲ್ಲ. ಅದು ನಮ್ಮ ಅಡಿಗೆಮನೆವರೆಗೆ ಬರುತ್ತದೆ ಎಂದು.

ನಮ್ಮನೆಗೆ ಬಂತು. ಮೇಷ್ಟ್ರು ಒಂದು ಹೋಂವರ್ಕ್ ಕೊಟ್ಟಿದ್ದರು: ನಿಮ್ಮ ಮನೆಯ ಕಥೆಯಲ್ಲಿ ಹೆಸರಿಲ್ಲದೆ ಬಂದುಹೋಗುವವರು ಯಾರು ಎಂದು ಹಿರಿಯರನ್ನು ಕೇಳಿ. ಮಗಳು ಕೇಳಿದಳು. ನಾನು ಅಜ್ಜನ ತೋಟ, ಅಡಿಕೆ ಕೊಯ್ಲು, ಸುಲಿಯುವ ರಾತ್ರಿಗಳ ಕಥೆ ಹೇಳುತ್ತಾ ಹೋದೆ. ‘ಕೊಯ್ಯುತ್ತಿದ್ದವರು ಯಾರು?’ ಅಂದಳು. ಆಳುಗಳು ಅಂದೆ. ‘ಕಾಫಿ ಎಲ್ಲರೂ ಒಟ್ಟಿಗೆ ಕುಡಿಯುತ್ತಿದ್ದರಾ?’ ಇಲ್ಲ. ನಮಗೆ ಲೋಟದಲ್ಲಿ, ಅವರಿಗೆ ಅಂಗಳದಲ್ಲಿ, ತೆಂಗಿನ ಕರಟದಲ್ಲಿ. ಅಜ್ಜಿ ಎತ್ತರದಿಂದ ಹೊಯ್ಯುತ್ತಿದ್ದರು. ನಾನು ಇದನ್ನು ಹೇಳುವಾಗ ಒಲೆ ಕಡೆ ತಿರುಗಿ ನಿಂತಿದ್ದೆ.

‘ಕ್ಯಾಸ್ಟ್’ ಎನ್ನುವ ಪದ ಎಲ್ಲಿಂದ ಬಂತು ಗೊತ್ತಾ ಅಂತ ಅವಳೇ ಹೇಳಿದಳು. ಕಾಸ್ತಾ ಎಂಬ ಪದದಿಂದ. ನಮ್ಮ ಕರಾವಳಿಗೆ ಬಂದ ಪೋರ್ಚುಗೀಸರು ನಮ್ಮ ಜಾತಿಗೆ ಆ ಹೆಸರಿಟ್ಟರು. ಮೆಕ್ಸಿಕೋವನ್ನು ಆಳಿದ ಸ್ಪೇನಿನವರು ಅಲ್ಲಿನ ಬಿಳಿಯ, ಮೂಲನಿವಾಸಿ, ಕಪ್ಪು ಜನರ ಬೆರಕೆಗೆ ಮೇಲು-ಕೆಳಗಿನ ಪಟ್ಟಿ ಮಾಡಿ ಅದೇ ಪದದಿಂದ ಕರೆದರು. ಆ ಪಟ್ಟಿಯನ್ನು ಚಿತ್ರ ಬರೆಸಿ ಗೋಡೆಗೆ ಹಾಕಿಕೊಳ್ಳುತ್ತಿದ್ದರು. ಅದರ ನೆರಳು ಇನ್ನೂ ಇದೆ. ಮೆಕ್ಸಿಕೋದ ವಹಾಕಾ ಸೀಮೆಯಿಂದ ಬಂದ ಮಿಶ್ಟೆಕ್, ಸಪೊಟೆಕ್ ಮೂಲನಿವಾಸಿ ಜನ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಸ್ಟ್ರಾಬೆರಿ ಕೀಳುತ್ತಾರೆ. ಅವರ ಮನೆಮಾತು ಸ್ಪ್ಯಾನಿಷ್ ಅಲ್ಲ. ಅವರನ್ನು ಹೀಗಳೆಯುವವರಲ್ಲಿ ಬೇರೆ ಮೆಕ್ಸಿಕನ್ನರೂ ಇದ್ದಾರೆ. 2012ರಲ್ಲಿ ಆಕ್ಸ್‌ನಾರ್ಡ್‌ನ ಶಾಲಾ ಮಂಡಳಿ ‘ವಹಾಕೀತಾ’ (ಪುಟ್ಟ ವಹಾಕಾದವಳು), ‘ಇಂದೀತೊ’ (ಪುಟ್ಟ ಇಂಡಿಯನ್) ಎಂಬ ಹೀಯಾಳಿಕೆಯ ಮಾತುಗಳನ್ನು ಶಾಲೆಯಲ್ಲಿ ನಿಷೇಧಿಸಬೇಕಾಯಿತು. 2022ರಲ್ಲಿ ಲಾಸ್ ಏಂಜಲೀಸ್ ನಗರಸಭೆಯ ಅಧ್ಯಕ್ಷೆ, ಸ್ವತಃ ಮೆಕ್ಸಿಕನ್ ಮೂಲದವರು, ವಹಾಕಾ ಜನರ ಬಗ್ಗೆ ಆಡಿದ ಹಗುರ ಮಾತಿನ ರೆಕಾರ್ಡಿಂಗ್ ಹೊರಬಂದು ರಾಜೀನಾಮೆ ಕೊಟ್ಟರು. ಚಿಕಾನೊ ಚಳವಳಿ ತನ್ನನ್ನು ಮೆಕ್ಸಿಕೋವನ್ನು ಹಿಂದೆ ಆಳಿದ ಆಸ್ಟೆಕ್ ಜನರ ವಂಶ, ಈ ನೆಲ ಅವರ ತವರು ಎಂದು ಹಾಡಿಕೊಂಡಾಗ ‘ನೀವು ನಿಮ್ಮದೆನ್ನುವ ಈ ನೆಲದಲ್ಲಿ ನಾವು ಇದ್ದೇವೆ’ ಎಂದು ಇಲ್ಲಿನ ಮೂಲನಿವಾಸಿ ವಿದ್ವಾಂಸರು ನೆನಪಿಸಿದ್ದಾರೆ. ಚಿಕಾನೊ ವಿದ್ವಾಂಸರಲ್ಲೇ ಹಲವರು ಅದನ್ನು ಒಪ್ಪಿ ಬರೆದಿದ್ದಾರೆ. ತಮ್ಮ ಕೊಳೆಯನ್ನು ತಾವೇ ಬರೆದುಕೊಳ್ಳುವ ಧೈರ್ಯ ಇದು. ನಮ್ಮಲ್ಲಿ 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಜಾಸ್ತಿ ಇರುವುದು ಬೂಸಾ ಅಂದಾಗ ನಾವು ಏನು ಮಾಡಿದೆವು? ಮಂತ್ರಿಗಿರಿ ಕಿತ್ತುಕೊಂಡೆವು.

ಅಮೆರಿಕಕ್ಕೆ ಬಂದ ಮೇಲೂ ನಾವು ಬದಲಾಗಿದ್ದು ಕಡಿಮೆ. 1923ರಲ್ಲಿ ಭಾರತದಿಂದ ಬಂದ ಭಗತ್ ಸಿಂಗ್ ಥಿಂಡ್ ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನಲ್ಲಿ ನಿಂತಾಗ ಅವರ ವಕೀಲರು ಹೂಡಿದ ವಾದ ಇದು: ಇವರು ಮೇಲ್ಜಾತಿಯವರು, ಆರ್ಯರು, ಬಿಳಿಯರು ಕಪ್ಪು ಜನರನ್ನು ಹೇಗೆ ದೂರ ಇಡುತ್ತಾರೋ ಹಾಗೆಯೇ ಇವರೂ ತಮ್ಮ ನಾಡಿನ ಆದಿವಾಸಿಗಳನ್ನು ಮದುವೆ ವಿಷಯದಲ್ಲಿ ದೂರ ಇಡುತ್ತಾರೆ, ಆದ್ದರಿಂದ ಇವರೂ ಬಿಳಿಯರೇ, ಬಿಳಿಯರಿಗೆ ಸಿಗುವ ಪೌರತ್ವ ಇವರಿಗೂ ಕೊಡಿ. ಸೋತರು. ನೂರು ವರ್ಷದ ನಂತರ, 2023ರ ಅಕ್ಟೋಬರಿನಲ್ಲಿ, ಜಾತಿ ತಾರತಮ್ಯದ ವಿರುದ್ಧದ ಮಸೂದೆಯನ್ನು ಗವರ್ನರ್ ತಡೆದರು. ಆ ದಿನ ನಮ್ಮ ಗುಂಪಿನಲ್ಲಿ ಲಡ್ಡುವಿನ ಇಮೋಜಿಗಳು ಸುರಿದವು. ಗುಂಪಿನಲ್ಲಿದ್ದ ಇಬ್ಬರು ಅವತ್ತು ಸದ್ದಿಲ್ಲದೆ ಹೊರಗೆ ಹೋದರು. ಯಾಕೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ನನ್ನ ಕೋರಿಕೆ. ಪಾಠ ನಿಲ್ಲಿಸಿ ಎಂದು ಕೇಳಬೇಡಿ. ಕೇಳಲೇಬೇಕಾದರೆ ಬೇರೆಯದನ್ನು ಕೇಳಿ. ಇದನ್ನೇ ಓದಿ ಬಂದ ಮೇಷ್ಟ್ರುಗಳನ್ನು ನೇಮಿಸಿ, ಪಿಟಿ ಮೇಷ್ಟ್ರಿಗೆ ಖಾಲಿ ಪಿರಿಯಡ್ ಇದೆಯೆಂದು ಅವರ ತಲೆಗೆ ಕಟ್ಟಬೇಡಿ. ಒಹ್ಲೋನಿ ಹಿರಿಯರನ್ನು ಕರೆಸಿ, ಕರೆಸಿದರೆ ಸಂಭಾವನೆ ಕೊಡಿ. ಹೊಲದ ಕೂಲಿಯವರ ಮಕ್ಕಳ ಭಾಷೆಯನ್ನು ಸ್ಪ್ಯಾನಿಷ್ ಎಂದು ಸುಮ್ನೆ ಬರೆದುಕೊಳ್ಳದೆ ಮನೆಯಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿ. ಜಾತಿಯ ಪಾಠವೂ ಇರಲಿ, ಅದನ್ನು ಅನುಭವಿಸಿದ ಮನೆಯವರು ಬರೆದದ್ದು ಇರಲಿ. ಪಠ್ಯ ತೋರಿಸಿ ಎನ್ನಲು ನಮಗೆ ಹಕ್ಕಿದೆ. ತೋರಿಸಿದರೆ ಓದಿ. ನನ್ನ ಹಾಗೆ ಹಾಲು ಉಕ್ಕುವಾಗ ಹೆಬ್ಬೆರಳು ಒತ್ತಬೇಡಿ.

ಸಭೆ ಮುಂದಿನ ಗುರುವಾರ ಸಂಜೆ 7ಕ್ಕೆ. ಮಾತಾಡುವವರು ಒಳಗೆ ಹೋದ ಕೂಡಲೇ ಬಾಗಿಲ ಹತ್ತಿರದ ಮೇಜಿನಲ್ಲಿ ಚೀಟಿ ಬರೆದು ಕೊಡಬೇಕು. ಒಬ್ಬರಿಗೆ ಎರಡು ನಿಮಿಷ. ನಾನು ಆ ಹೊಲದ ಕಥೆ ಹೇಳುತ್ತೇನೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ನೋಡಿದೆ, ಮೂರು ನಿಮಿಷ ಆಗುತ್ತಿದೆ. ಮಗಳು ಕೂತು ಕತ್ತರಿಸುತ್ತಿದ್ದಾಳೆ. ಅತ್ತೆಯ ಭಾಗ ತೆಗೆಯಲು ನಾನು ಒಪ್ಪಿಲ್ಲ.

ಗುಂಪು ಬಿಟ್ಟು ಹೋದ ಆ ಇಬ್ಬರಿಗೆ ನಿನ್ನೆ ಫೋನ್ ಮಾಡಿದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು ‘ನೋಡೋಣ ಅಕ್ಕ’ ಅಂದಿದ್ದಾರೆ. ಅವರು ಬಂದರೆ ನನ್ನ ಕಾರಿನಲ್ಲಿ ಇನ್ನೂ ಎರಡು ಸೀಟು ಉಳಿಯುತ್ತದೆ. 6.15ಕ್ಕೆ ಹೊರಡುತ್ತೇನೆ.

ಇಂತಿ,
ಒಂಬತ್ತನೇ ಕ್ಲಾಸಿನ ಪಾಠವನ್ನು ತಡವಾಗಿ ಓದಿದ ಒಬ್ಬ ಅಮ್ಮ